ಒಂದೇ ಸ್ಲೇಟು, ಎರಡು ಪಾರಿವಾಳ

ನಮ್ಮ ಅಂಗಳದಲ್ಲಿ ಭಾನುವಾರ ಬಟ್ಟೆ ಒಣಹಾಕುವ ಹಾಗಿಲ್ಲ. ಇದು ಚರ್ಚಿನ ಕಟ್ಟಳೆಯಲ್ಲ, ಪಾರಿವಾಳದ ಕಟ್ಟಳೆ. ನೂರಾರು ಮೈಲಿ ಹಾರಿ ಬಂದ ಹಕ್ಕಿ ಹಗ್ಗದ ಮೇಲೆ ಪಟಪಟ ಬಡಿದುಕೊಳ್ಳುವ ಬಿಳಿ ಬಟ್ಟೆಯನ್ನು ಕಂಡರೆ ಬೆದರಿ ಚಿಮಣಿಯ ಮೇಲೆಯೇ ಕೂತುಬಿಡುತ್ತದೆ. ಅದು ಕೂತಷ್ಟು ಹೊತ್ತೂ ಕೆಳಗೆ ನಿಂತ ಗಂಡಸರಿಗೆ ಜೀವ ಹೋಗಿ ಬರುತ್ತಿರುತ್ತದೆ. ಮದುವೆಯಾಗಿ ಬಂದ ಮೊದಲ ಭಾನುವಾರ ನಾನು ಕೆಂಪು ಅಂಗಿ ತೊಟ್ಟು ಅಂಗಳಕ್ಕೆ ಇಳಿದಿದ್ದೆ. ಮಾವ ರುಫಿನ್ ಗಾಯ್ದಾ ಇಡೀ ಬೀದಿಗೆ ಕೇಳುವಂತೆ "ಬಿಬಿಯಾನಾ, ಒಳಗ್ ನಡಿ!" ಎಂದು ಗದರಿದ್ದರು. ಮದುಮಗಳಿಗೆ ಸಿಕ್ಕ ಮೊದಲ ಆಶೀರ್ವಾದ ಅದು.

ಆದರೆ ನಾನು ಹೇಳಹೊರಟ ಭಾನುವಾರದ ಪಾರಿವಾಳದ ಪಂದ್ಯ ಬಹುಮಾನದ ಕಪ್ಪಿಗಾಗಿ ನಡೆದದ್ದಲ್ಲ. ನಮ್ಮ ಕೆಂಪಿಟ್ಟಿಗೆಯ ವಠಾರದ ಹಿಂದೆ ಎರಡು ಮರದ ಗೂಡುಗಳಿದ್ದವು, ಒಂದಕ್ಕೊಂದು ಭುಜ ತಾಗಿಸಿಕೊಂಡು. ಎಡಗಡೆಯದು ಮಾವನದು. ಬಲಗಡೆಯದು ಮೂರನೆಯ ಬಾಗಿಲಿನ ಎರ್ವಿನ್ ಮುಶೋವ್ ಅವರದು. ಇಬ್ಬರೂ ಒಂದೇ ಗಣಿಯಲ್ಲಿ, ಒಂದೇ ಪಾಳಿಯಲ್ಲಿ, ಒಂದೇ ಸುರಂಗದಲ್ಲಿ ಕಲ್ಲಿದ್ದಲು ಕಡಿದವರು. ಒಬ್ಬರ ಬುತ್ತಿಯನ್ನು ಇನ್ನೊಬ್ಬರು ತಿಂದವರು. ಆಮೇಲೊಂದು ದಿನ ಎರ್ವಿನ್ ಅವರ ಹೆಣ್ಣು ಪಾರಿವಾಳವೊಂದು ಮಾವನ ಗಂಡು ಹಕ್ಕಿಯನ್ನು ಮೆಚ್ಚಿ ಗೋಡೆ ದಾಟಿ ಬಂದು ಮಾವನ ಗೂಡಿನಲ್ಲೇ ಸಂಸಾರ ಹೂಡಿತು. ಅಲ್ಲಿಗೆ ಗೆಳೆತನ ಮುರಿದುಬಿತ್ತು. ಅಂದಿನಿಂದ ಇಬ್ಬರೂ ಎಣ್ಣೆ ಸೀಗೆಕಾಯಿ. ನೇರವಾಗಿ ಮಾತಿಲ್ಲ. ಏನಾದರೂ ಹೇಳಬೇಕಿದ್ದರೆ ಬೇಲಿಗೆ ಹೇಳುತ್ತಾರೆ, ಆಕಾಶಕ್ಕೆ ಹೇಳುತ್ತಾರೆ, ಇಲ್ಲವೇ ನನಗೆ ಹೇಳುತ್ತಾರೆ.

ಆ ಬೇಸಿಗೆಯಲ್ಲಿ ವಠಾರದ ಆಡಳಿತದವರು ಬಂದು, ಕಾರು ನಿಲ್ಲಿಸಲು ಜಾಗ ಬೇಕು, ಒಂದು ಗೂಡು ಇರಲಿ, ಇನ್ನೊಂದನ್ನು ಕಿತ್ತುಹಾಕಿ, ಯಾವುದೆಂದು ನೀವೇ ನೋಡಿಕೊಳ್ಳಿ ಎಂದು ಕೈತೊಳೆದುಕೊಂಡು ಹೋದರು. ಹೊರಗಿನವರಿಗೆ ಇದು ನಾಲ್ಕು ಹಲಗೆಯ ಮಾತು. ನಮಗೆ ಹಾಗಲ್ಲ. ಪಾರಿವಾಳ ಮನೆ ಬದಲಾಯಿಸುವ ಜಾತಿಯಲ್ಲ. ಬೆಳೆದ ಹಕ್ಕಿಯನ್ನು ಬೇರೆ ಊರಿಗೆ ಕೊಟ್ಟರೆ ಬಾಗಿಲು ತೆರೆದ ದಿನವೇ ಅದು ಹುಟ್ಟಿದ ಗೂಡಿಗೆ ವಾಪಸು. ಅಲ್ಲಿ ಗೂಡೇ ಇಲ್ಲದಿದ್ದರೆ ಬರಿ ಗಾಳಿಯಲ್ಲಿ ಸುತ್ತುತ್ತದೆ. ಗೂಡು ಕಳೆದುಕೊಂಡವನು ಪಾರಿವಾಳಗಳನ್ನೂ ಕಳೆದುಕೊಂಡಂತೆ. ಗಣಿ ಬಿಟ್ಟ ಮೇಲೆ ಇವರಿಬ್ಬರಿಗೆ ಬೆಳಿಗ್ಗೆ ಎದ್ದು ಹೋಗಲು ಇದ್ದ ಜಾಗ ಅದೊಂದೇ.

ಕೊನೆಗೆ ಪಾರಿವಾಳ ಸಂಘದ ಅಧ್ಯಕ್ಷ ಹುಬರ್ಟ್ ಕಾಂಜಾ ಮಧ್ಯಸ್ಥಿಕೆ ವಹಿಸಿದರು. ದಪ್ಪ ಮೀಸೆಯ, ದೊಡ್ಡ ದನಿಯ ಮನುಷ್ಯ. ಒಬ್ಬೊಬ್ಬರು ಒಂದೊಂದು ಹಕ್ಕಿ ಬಿಡುವುದು, ಯಾರದ್ದು ಮೊದಲು ತನ್ನ ಗೂಡಿನ ಬಾಗಿಲ ಮುಂದಿನ ಹಲಗೆಯ ಮೇಲೆ ಕಾಲಿಡುತ್ತದೋ ಅವರ ಗೂಡು ಉಳಿಯುವುದು, ಸೋತವರು ತಮ್ಮ ಗೂಡನ್ನು ತಾವೇ ಕೀಳುವುದು. ಮಾತೆಂದರೆ ಮಾತು.

ಇದರಲ್ಲಿ ನನ್ನನ್ನು ಎಳೆದವರೂ ಕಾಂಜಾ ಅವರೇ. ಎರ್ವಿನ್ ತಮ್ಮ ಹಕ್ಕಿಯ ಕಾಲಿಗೆ ಎಲೆಕ್ಟ್ರಾನಿಕ್ ಉಂಗುರ ತೊಡಿಸಲು ಸುತರಾಂ ಒಪ್ಪಲಿಲ್ಲ. ಹಳೆಯ ಪದ್ಧತಿಯಂತೆ ಹಕ್ಕಿಯನ್ನು ಹಿಡಿದು, ರಬ್ಬರು ಉಂಗುರ ಬಿಚ್ಚಿ, ಬಂದ ಹೊತ್ತು ಅಚ್ಚೊತ್ತುವ ಗಡಿಯಾರದ ಪೆಟ್ಟಿಗೆಗೆ ಹಾಕೋಣವೆಂದರೆ ಅವರ ಕೈ ನಡುಗುತ್ತದೆ. ಬಂಡೆ ಕೊರೆಯುವ ಯಂತ್ರವನ್ನು ಒಂದು ಆಯುಷ್ಯ ಹಿಡಿದ ಕೈ ಅದು. ಹಾಗಾಗಿ ಹಲಗೆಯೇ ಸಾಕ್ಷಿ ಹೇಳಬೇಕಿತ್ತು. ಟ್ರಾಮ್ ಕಚೇರಿಯಲ್ಲಿ ಯಂತ್ರಗಳು ಒಂದರೊಡನೊಂದು ಮಾತಾಡುವಂತೆ ಮಾಡುವುದು ನನ್ನ ಕೆಲಸ. ಎರಡು ಗೂಡಿನ ಬಾಗಿಲ ಹಲಗೆಗಳ ಕೆಳಗೂ ತೆಳ್ಳನೆಯ ಒತ್ತುಗುಂಡಿ ಕೂರಿಸಿ, ಅವುಗಳಿಂದ ತಂತಿ ಎಳೆದು ನಮ್ಮ ಅಡುಗೆಮನೆಯ ಕಿಟಕಿಯ ಹಳೆಯ ಕಂಪ್ಯೂಟರಿಗೆ ಸೇರಿಸಿದೆ. ಅತ್ತೆ ತ್ರೂದಾ ತಮ್ಮ ಜೆರೇನಿಯಂ ಕುಂಡಗಳನ್ನು ಎತ್ತಿಡುತ್ತಾ, "ಮೊದ್ಲು ಪಾರಿವಾಳ ಬಂತು, ಆಮೇಲ್ ಅದರ ಹೇನು ಬಂತು, ಈಗ ತಂತೀನೂ ಬಂತು. ಇನ್ ನಾನ್ ಎಲ್ ಹೋಗ್ಲಿ?" ಎಂದರು.

ಆ ಕಂಪ್ಯೂಟರು ಯುನಿಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುವಂಥದು; ಆ ಜಾತಿಯ ಯಂತ್ರಕ್ಕೆ ಯಾವ ಸಾಧನ ಚುಚ್ಚಿದರೂ ಒಳಗೊಳಗೆ ಅದಕ್ಕೊಂದು ಸಂಖ್ಯೆ ಇರುತ್ತದೆ. ಯಂತ್ರಕ್ಕೆ ಸಂಖ್ಯೆ ಸಾಕು. ಮನುಷ್ಯರಿಗೆ ಸಾಲದು, ಹೆಸರು ಬೇಕು. ಮಾವನ ಹಲಗೆಗೆ ಯಂತ್ರ ಇಟ್ಟ ಹೆಸರು ಯು-ಸೊನ್ನೆ. ಎರ್ವಿನ್ ಅವರದಕ್ಕೆ ಯು-ಒಂದು. ಎಲ್ಲರಿಗೂ ತಿಳಿಯಲೆಂದು ಗೂಡುಗಳ ಮೇಲೆ ಬಣ್ಣದಲ್ಲಿ ಬರೆದಿಟ್ಟೆ. ಬರೆದದ್ದೇ ತಡ, ಬೇಲಿಯಾಚೆಯಿಂದ ಎರ್ವಿನ್ ಅವರ ನಗು ಕೇಳಿಸಿತು.

"ಅವ್ನಿಗ್ ಸೊನ್ನೇನಾ? ಯಂತ್ರಕ್ಕೂ ಗೊತ್ತಾಗೋಯ್ತು ನೋಡಮ್ಮ ಅವ್ನ್ ಬೆಲೆ!"

ಮಾವನ ಮುಖ ಟೊಮ್ಯಾಟೊ ಆಯಿತು. "ಏನೇ ಇದು ಬಿಬಿ? ಸ್ವಂತ ಮಾವಂಗೆ ಸೊನ್ನೆ, ಪಕ್ಕದ್ ಮನೆಯೋನಿಗೆ ಒಂದಾ?"

"ಮಾವ, ಯುನಿಕ್ಸಲ್ಲಿ ಎಣಿಕೆ ಶುರುವಾಗೋದೇ ಸೊನ್ನೆಯಿಂದ. ಸೊನ್ನೆ ಅಂದ್ರೆ ಮೊದಲ್ನೇದು."

ಮಾವ ಬೇಲಿಯ ಕಡೆ ತಿರುಗಿ, ಬೇಲಿಗೇ ಹೇಳಿದರು: "ಕೇಳಿಸ್ತಾ? ಸೊನ್ನೆ ಅಂದ್ರೆ ಮೊದಲ್ನೇದಂತೆ. ಒಂದು ಅಂದ್ರೆ ಎರಡನೇದಂತೆ. ಗೊತ್ತಿಲ್ದೋರು ಬಾಯ್ ಮುಚ್ಕೊಂಡಿರ್ಬೇಕಂತೆ."

ಹಲಗೆ ಒತ್ತಿದರೆ ಯಂತ್ರ ಬೀಪ್ ಎನ್ನುತ್ತಿತ್ತು. ಆದರೆ ಒಂದು ಹಕ್ಕಿ ಬಂದಾಕ್ಷಣ ಹೆಸರು ತೋರಿಸಕೂಡದೆಂದು ಕಾಂಜಾ ಕಟ್ಟಪ್ಪಣೆ ಮಾಡಿದ್ದರು. ಹೆಸರು ಕಂಡರೆ ಜನ ಕಿರುಚುತ್ತಾರೆ, ಕಿರುಚಿದರೆ ಎರಡನೆಯ ಹಕ್ಕಿ ಬೆದರುತ್ತದೆ, ಅದು ಅನ್ಯಾಯ. ಎರಡೂ ಇಳಿದ ಮೇಲೆ ಒಂದೇ ಸಾಲಿನಲ್ಲಿ "ಮೊದಲು ಇಂಥದು, ಆಮೇಲೆ ಇಂಥದು" ಎಂದು ಬರಬೇಕು. ಸರಿ, ಹಾಗೆಯೇ ಬರೆದೆ. ಪರೀಕ್ಷೆಗೆಂದು ಒಂದೇ ಹೆಸರು ತೋರಿಸುವ ಪುಟ್ಟ ಪ್ರೋಗ್ರಾಮು ಬೇರೆ ಬರೆದು ಮಾವನ ಹಲಗೆಯನ್ನು ಒತ್ತಿ ನೋಡಿದೆ, ಸರಿಯಾದ ಹೆಸರು ಬಂತು. ಹಲಗೆ ಕೂರಿಸಿ ಹೆಸರು ಬರೆದಾದ ಮೇಲೆ ಎರ್ವಿನ್ ತಮ್ಮ ಗೂಡಿನ ಹತ್ತಿರ ನನ್ನನ್ನು ಬಿಟ್ಟುಕೊಳ್ಳಲಿಲ್ಲ, ಪಂದ್ಯಕ್ಕೆ ಮುಂಚೆ ಪರರ ಕಣ್ಣು ಬೀಳಬಾರದಂತೆ. ಅವರ ಹಲಗೆಯನ್ನು ಕೂರಿಸುವ ಮುಂಚೆ ಊಟದ ಮೇಜಿನ ಮೇಲೆ ಒಂದನ್ನೇ ಇಟ್ಟು ಒತ್ತಿ ನೋಡಿದ್ದೆ, ಅಷ್ಟೆ. ಅದರ ಹೆಸರೂ ಸರಿಯಾಗಿ ಬಂದಿತ್ತು. ಎರಡನ್ನೂ ಒಟ್ಟಿಗೆ ಒತ್ತಿ ನೋಡಲು ಆಗಿರಲಿಲ್ಲ. ಒತ್ತಬೇಕಿತ್ತು.

ಪಂದ್ಯದ ದಿನ ಬೆಳಗಿನಿಂದಲೇ ಇಡೀ ವಠಾರ ಕತ್ತು ಮೇಲೆ ಮಾಡಿಕೊಂಡು ನಿಂತಿತ್ತು. ಸಂಘದ ಲಾರಿ ಹಕ್ಕಿಗಳನ್ನು ಜರ್ಮನಿಯ ನಡುಮಧ್ಯಕ್ಕೆ ಒಯ್ದಿತ್ತು. ಚಾಲಕ ಫೋನು ಮಾಡಿ "ಬಿಟ್ಟಾಯ್ತು, ಗಾಳಿ ಬೆನ್ನಿಗಿದೆ" ಎಂದಿದ್ದ. ಮಾವನ ಹಕ್ಕಿ ಬಾರ್ಬಾರ್ಕಾ, ಗಣಿಗಾರರನ್ನು ಕಾಯುವ ಸಂತಳ ಹೆಸರಿನದು, ನೀಲಿ ಬೂದಿ ಬಣ್ಣದ ಹೆಣ್ಣು. ಎರ್ವಿನ್ ಅವರ ಗಂಡು ಹಕ್ಕಿಯ ಹೆಸರು ಶ್ತಿಗಾರ್, ಅಂದರೆ ಗಣಿಯ ಮೇಸ್ತ್ರಿ. ಬದುಕಿಡೀ ಮೇಸ್ತ್ರಿಯಿಂದ ಬೈಸಿಕೊಂಡವರು, ಕೊನೆಗಾಲದಲ್ಲಾದರೂ ಒಬ್ಬ ಮೇಸ್ತ್ರಿಗೆ ತಾವು ಬೈಯೋಣವೆಂದು ಇಟ್ಟ ಹೆಸರು.

ಅತ್ತೆ ಮಾಡಿದ ಮಾಂಸದ ಸುರುಳಿ ಆರಿ ತಣ್ಣಗಾಗುತ್ತಿತ್ತು. ಬೆರಳೊತ್ತಿ ಗುಳಿ ಮಾಡಿದ ಆಲೂಗಡ್ಡೆ ಕಡುಬುಗಳ ಮೇಲೆ ಗಸಿ ಹೆಪ್ಪುಗಟ್ಟುತ್ತಿತ್ತು. ಯಾರಿಗೂ ಊಟ ಬೇಕಿರಲಿಲ್ಲ. ನನ್ನ ಗಂಡ ನಾರ್ಬೆರ್ಟ್ ಗಣಿಯ ಪಂಪುಗಳ ಪಾಳಿಗೆ ಹೋಗಿದ್ದ. ಹೋಗುವಾಗ ನನ್ನ ಕಿವಿಯಲ್ಲಿ, "ಅಪ್ಪ ಸೋತ್ರೆ ನಾನ್ ಮನೆಗ್ ಬರಲ್ಲ, ಅಲ್ಲೇ ಕೆಳಗೇ ಮಲಗ್ತೀನಿ" ಎಂದಿದ್ದ. ತಮಾಷೆಗೆ ಹೇಳಿದ್ದಲ್ಲ.

ಮಾವ ಮತ್ತು ಎರ್ವಿನ್ ಇಬ್ಬರೂ ತಮ್ಮ ತಮ್ಮ ಗೂಡಿನ ಮುಂದೆ ಬಟಾಣಿಯ ತಗಡಿನ ಡಬ್ಬ ಹಿಡಿದು ನಿಂತಿದ್ದರು. ಡಬ್ಬ ಗಲಗಲಿಸಿದರೆ ಹಕ್ಕಿ ಇಳಿಯುತ್ತದೆ. ಎರ್ವಿನ್ ಅವರ ಡಬ್ಬವನ್ನು ಅಲ್ಲಾಡಿಸಬೇಕಾಗಿಯೇ ಇರಲಿಲ್ಲ, ನಡುಗುವ ಕೈಯಲ್ಲಿ ಅದು ತಾನಾಗಿಯೇ ಗಲಗಲ ಎನ್ನುತ್ತಿತ್ತು.

"ಅಗೋ!" ಎಂದು ಯಾರೋ ಉಸಿರಿನಲ್ಲೇ ಹೇಳಿದರು.

ಗಣಿಯ ಗೋಪುರದ ಚಕ್ರಗಳ ಮೇಲೆ ಒಂದು ಚುಕ್ಕಿ. ಅಲ್ಲ, ಎರಡು! ಅವು ಜೊತೆಯಾಗಿ ಬರುತ್ತಿದ್ದವು, ರೆಕ್ಕೆಗೆ ರೆಕ್ಕೆ, ಕೆಳಗಿನ ಜಗಳವೇ ತಮಗೆ ಗೊತ್ತಿಲ್ಲವೆಂಬಂತೆ. ಚಿಮಣಿಗಳನ್ನು ದಾಟಿದವು, ಅಂಗಳದ ಮೇಲೆ ಒಂದು ಸುತ್ತು ಹಾಕಿದವು. ಅಂಗಳದಲ್ಲಿ ಎರಡು ಡಬ್ಬಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎರಡೂ ಒಟ್ಟಿಗೆ ರೆಕ್ಕೆ ಮಡಚಿ, ಕಲ್ಲು ಬಿದ್ದ ಹಾಗೆ ಬಿದ್ದವು.

ಬೀಪ್-ಬೀಪ್. ನಡುವೆ ಉಸಿರೆಳೆಯುವಷ್ಟೂ ಬಿಡುವಿಲ್ಲ.

ಯಾವುದು ಮೊದಲು ಎಂದು ಯಾರ ಕಣ್ಣಿಗೂ ಕಾಣಲಿಲ್ಲ. ಎಡಗಡೆ ನಿಂತವರು ಬಾರ್ಬಾರ್ಕಾ ಎಂದರು, ಬಲಗಡೆಯವರು ಶ್ತಿಗಾರ್ ಎಂದರು. ಕಾಂಜಾ ಇಬ್ಬರಿಗೂ ಕೈ ತೋರಿಸಿ ತಡೆದು, ಹಕ್ಕಿಗಳು ಒಳಗೆ ಹೋದದ್ದನ್ನು ನೋಡಿ, ಎರಡೂ ಗೂಡಿನ ಬಾಗಿಲು ಮುಚ್ಚಿಸಿ, ಆಮೇಲೆ ನಮ್ಮ ಕಿಟಕಿಗೆ ಬಂದು ಪರದೆಯನ್ನು ದೊಡ್ಡ ದನಿಯಲ್ಲಿ ಓದಿದರು.

"ಮೊದಲು, ಯು-ಸೊನ್ನೆ! ಆಮೇಲೆ, ಯು..." ಅವರು ಕನ್ನಡಕ ಸರಿಮಾಡಿಕೊಂಡರು. "ಆಮೇಲೂ ಯು-ಸೊನ್ನೆ? ಏನಮ್ಮ ಇದು, ಎರಡೂ ಸೊನ್ನೆ?"

ಮಾವ ಟೋಪಿಯನ್ನು ಗಾಳಿಗೆ ಎಸೆದುಬಿಟ್ಟಿದ್ದರು. "ನನ್ ಬಾರ್ಬಾರ್ಕಾ ಕಣ್ರೀ! ಒಂದ್ಸಲ ಬಂದಿದ್ ಸಾಲ್ದು ಅಂತ ಎರಡ್ಸಲ ಕಾಲಿಟ್ಟಿದಾಳೆ! ಹಲಗೆ ಮೇಲೆ ಕುಣಿದಿದಾಳೆ!" ಅತ್ತೆಯನ್ನು ಹಿಡಿದು ಅಂಗಳದ ನಡುವೆ ಒಂದು ಸುತ್ತು ತಿರುಗಿಸಿದರು. ಅತ್ತೆ "ಬಿಡ್ರೀ, ಸೊಂಟ!" ಎನ್ನುತ್ತಲೇ ನಗುತ್ತಿದ್ದರು. ಎಡಗಡೆಯವರೆಲ್ಲ ಚಪ್ಪಾಳೆ ಹೊಡೆದರು. ಮದುವೆಯಾದಂದಿನಿಂದ ಮಾವನನ್ನು ಅಷ್ಟು ಖುಷಿಯಲ್ಲಿ ನಾನು ನೋಡಿರಲಿಲ್ಲ, ನನಗೂ ಕುಣಿಯುವಂತಾಯಿತು.

ಬಲಗಡೆಯಲ್ಲಿ ಎರ್ವಿನ್ ಒಬ್ಬರೇ ನಿಂತಿದ್ದರು. ಅವರು ತಕರಾರು ತೆಗೆಯಲಿಲ್ಲ, ಕುಣಿಯಲಾರದವನು ನೆಲ ಡೊಂಕು ಅಂದನಂತೆ ಎಂದು ಯಾರಾದರೂ ಆಡಿಕೊಳ್ಳಲು ಆಸ್ಪದ ಕೊಡುವ ಮನುಷ್ಯ ಅಲ್ಲ. ಡಬ್ಬವನ್ನು ನೆಲಕ್ಕಿಟ್ಟರು. ಸದ್ದು ನಿಂತಿತು. ಗೂಡಿನ ಹಿಂದಿನಿಂದ ಮೊಳೆ ಕೀಳುವ ಹಾರೆ ತಂದರು.

"ಎರ್ವಿನ್, ಇವತ್ತೇ ಏನ್ ಆತುರ?" ಎಂದರು ಕಾಂಜಾ.

"ಮಾತು ಅಂದ್ರೆ ಮಾತು" ಎಂದು ಎರ್ವಿನ್ ಹಾರೆಯನ್ನು ಮೊದಲ ಹಲಗೆಯ ಸಂದಿಗೆ ಇಟ್ಟರು. ಕೈ ನಡುಗಿ ಹಾರೆ ಜಾರಿತು. ಮತ್ತೆ ಇಟ್ಟರು.

ನಾನು ಕಿಟಕಿಯ ಒಳಗೆ ಪರದೆ ನೋಡುತ್ತಾ ನಿಂತಿದ್ದೆ. ಏನೋ ಕಚ್ಚುತ್ತಿತ್ತು. ಬಾರ್ಬಾರ್ಕಾ ಎರಡು ಸಲ ಕಾಲಿಟ್ಟಿದ್ದರೆ? ಇಡಲಿ, ಇಡಬಹುದು. ಆದರೆ ಹಕ್ಕಿ ಹಲಗೆಯ ಮೇಲೆ ಕುಪ್ಪಳಿಸುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಒಂದು ಹಲಗೆಯನ್ನು ಒಂದೇ ಸಲ ಲೆಕ್ಕಕ್ಕೆ ಹಿಡಿ, ಅದೇ ಸಂಖ್ಯೆ ಮತ್ತೆ ಬಂದರೆ ಬಿಟ್ಟುಬಿಡು ಎಂದು ಪ್ರೋಗ್ರಾಮಿನಲ್ಲಿ ನಾನೇ ಬರೆದಿದ್ದೆ. ಎರಡು ಬೇರೆ ಸಂಖ್ಯೆ ಬಂದ ಹೊರತು ಆ ಸಾಲು ಪರದೆಗೆ ಬರುವಂತೆಯೇ ಇಲ್ಲ. ಅಂದಮೇಲೆ ಎರಡು ಸೊನ್ನೆ ಹೇಗೆ? ಸಂಖ್ಯೆ ಎರಡು, ಹೆಸರು ಒಂದೇ?

ಪ್ರೋಗ್ರಾಮಿನಲ್ಲಿ ಹೆಸರು ಕೇಳುವ ಸಾಲನ್ನು ತೆರೆದೆ. ಸಿಕ್ಕಿತು! ಸಿಕ್ಕೇಬಿಟ್ಟಿತು!

ನಾನು ಪ್ರೋಗ್ರಾಮು ಬರೆದ ಸಿ ಭಾಷೆಯಲ್ಲಿ ಸಾಧನದ ಸಂಖ್ಯೆ ಕೊಟ್ಟರೆ ಹೆಸರು ಹೇಳುವ ಒಬ್ಬ ಗುಮಾಸ್ತನಿದ್ದಾನೆ. ಡೆವ್‌ನೇಮ್ ಎನ್ನುತ್ತಾರೆ. ಪ್ರಾಮಾಣಿಕ, ಆದರೆ ಮಹಾ ಸೋಮಾರಿ. ಅವನು ಹೆಸರನ್ನು ನಮ್ಮ ಕೈಗೆ ಕೊಡುವುದಿಲ್ಲ. ತನ್ನ ಗೋಡೆಯ ಸ್ಲೇಟಿನ ಮೇಲೆ ಬರೆದು, "ಅಗೋ ಅಲ್ಲಿದೆ, ನೋಡಿಕೋ" ಎಂದು ಬೆರಳು ತೋರಿಸುತ್ತಾನೆ. ಸ್ಲೇಟು ಇರುವುದು ಒಂದೇ. ಎರಡನೆಯ ಹೆಸರು ಕೇಳಿದರೆ ಮೊದಲನೆಯದನ್ನು ಒರೆಸಿ ಅಲ್ಲೇ ಬರೆಯುತ್ತಾನೆ, ಬೆರಳು ಮತ್ತೆ ಅಲ್ಲಿಗೇ. ನಾನೋ, ಒಂದೇ ಉಸಿರಿನಲ್ಲಿ ಎರಡು ಹೆಸರು ಕೇಳಿ, ಎರಡು ಬೆರಳನ್ನೂ ನಂಬಿ, ಆಮೇಲೆ ಸ್ಲೇಟು ನೋಡಿದ್ದೆ. ಎರಡು ಬೆರಳೂ ತೋರಿಸಿದ್ದು ಒಂದೇ ಹೆಸರನ್ನು!

ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು, ಖುಷಿಯೆಲ್ಲ ಇಳಿದುಹೋಯಿತು. ಸ್ಲೇಟಿನ ಮೇಲೆ ಉಳಿಯುವುದು ಕೊನೆಗೆ ಕೇಳಿದ ಹೆಸರು. ಕೊನೆಗೆ ಕೇಳಿದ್ದು ಎರಡನೆಯವನ ಹೆಸರಾಗಿದ್ದರೆ, ಎರಡು ಸಲ ಕಾಣಿಸಿಕೊಂಡವನೇ ಸೋತವನು. ಮಾವ.

ಮುಳುಗುವವಳಿಗೆ ಒಂದು ಹುಲ್ಲುಕಡ್ಡಿ ಇತ್ತು. ಒಂದೇ ಸಾಲಿನಲ್ಲಿ ಎರಡು ಪ್ರಶ್ನೆ ಇದ್ದರೆ ಯಾವುದನ್ನು ಮೊದಲು ಕೇಳಬೇಕೆಂದು ಸಿ ಭಾಷೆ ಕಟ್ಟುಪಾಡು ಹಾಕಿಲ್ಲ. ಯಂತ್ರ ಹಿಂದುಮುಂದಾಗಿ ಕೇಳಿದ್ದರೆ ಉಳಿದದ್ದು ಗೆದ್ದವನ ಹೆಸರೇ. ಹಾಗಾಗಿರಲಿ ದೇವರೇ ಎಂದುಕೊಂಡೆ. ಸುಮ್ಮನಿದ್ದುಬಿಟ್ಟರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಈ ಅಂಗಳದಲ್ಲಿ ಆ ಸಾಲನ್ನು ಓದಬಲ್ಲವಳು ನಾನೊಬ್ಬಳೇ. ಅತ್ತ ದರಿ, ಇತ್ತ ಪುಲಿ. ಹೊರಗೆ ಮಾವ ಇನ್ನೂ ನಗುತ್ತಿದ್ದರು.

ಆಗ ಎರ್ವಿನ್ ಅವರ ಗೂಡಿನಿಂದ ಕಿರ್ರೆಂದು ಮೊದಲ ಮೊಳೆ ಎದ್ದ ಸದ್ದು ಕೇಳಿಸಿತು. ತಪ್ಪು ಅಂತ ಗೊತ್ತಿದ್ದೂ ಪರದೆಯ ಮೇಲೆ ಉಳಿದಿರುವ ಸಾಲನ್ನು ನೋಡುತ್ತಾ ನಿಲ್ಲುವ ಶಕ್ತಿ ಪ್ರೋಗ್ರಾಮು ಬರೆಯುವ ನನ್ನ ಜಾತಿಗೆ ಇಲ್ಲ. ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕಿರುಚಿದೆ.

"ನಿಲ್ಸಿ! ಎರ್ವಿನ್ ಮಾಮ, ಮೊಳೆ ಕೀಳ್ಬೇಡಿ! ಯಂತ್ರ ಹೆಸರು ತಪ್ಪು ಹೇಳಿದೆ! ಯಂತ್ರ ಅಲ್ಲ, ನಾನು!"

ಮಾವ ಟೋಪಿ ಹಿಡಿದು ನನ್ನತ್ತ ನೋಡಿದರು. "ಏನ್ ಹೇಳ್ತಿದೀಯೇ?"

ನಾನು ಓಡಿ ಅಂಗಳಕ್ಕೆ ಇಳಿದು ಸ್ಲೇಟಿನ ಕತೆ ಹೇಳಿದೆ. ಮಾತು ಒಂದರ ಮೇಲೊಂದು ಬಿದ್ದು, ಅರ್ಧ ನನಗೇ ತಿಳಿಯಲಿಲ್ಲ. ಕಾಂಜಾ ಮೀಸೆ ತಿರುವಿದರು. "ಸೋಮಾರಿ ಗುಮಾಸ್ತ, ಸರಿ. ನಮ್ ಸಂಘದಲ್ಲೂ ಒಬ್ಬ ಇದಾನೆ. ಆದ್ರೆ ಗೆದ್ದೋರ್ ಯಾರಮ್ಮ?"

"ಸಂಖ್ಯೆಗಳು ಯಂತ್ರದಲ್ಲಿ ಹಾಗೇ ಇವೆ, ಅವು ಹೇಳ್ತವೆ. ಅದಕ್ ಮುಂಚೆ ನಿಮ್ ಕೈಯಾರೆ ನೀವೇ ನೋಡಿ, ಇಲ್ದಿದ್ರೆ ನಾಳೆ ನನ್ನನ್ನೇ ಬೈತೀರ. ಎರ್ವಿನ್ ಮಾಮ, ನಿಮ್ ಹಲಗೆ ಒತ್ತಿ. ಮಾವ, ಅವರು ಒತ್ತಿದ್ ಮೇಲೆ ನೀವು."

ಎರ್ವಿನ್ ಹಾರೆ ಕೆಳಗಿಟ್ಟು, ನಡುಗುವ ಅಂಗೈಯಿಂದ ಹಲಗೆ ಒತ್ತಿದರು. ಬೀಪ್. ಮಾವ ಒತ್ತಿದರು. ಬೀಪ್. ಎಲ್ಲರೂ ಕಿಟಕಿಗೆ ನುಗ್ಗಿದರು.

"ಮೊದಲು ಯು-ಸೊನ್ನೆ, ಆಮೇಲೆ ಯು-ಸೊನ್ನೆ!" ಎಂದು ಕಾಂಜಾ ಕೂಗಿದರು. "ಅಯ್ಯಯ್ಯೋ! ಮೊದಲು ಒತ್ತಿದ್ದು ಎರ್ವಿನ್, ನನ್ ಕಣ್ಣಾರೆ ನೋಡಿದೀನಿ!"

ನನ್ನ ಹುಲ್ಲುಕಡ್ಡಿ ಅಲ್ಲಿಗೆ ಮುರಿಯಿತು.

"ತಿರುವ್ಸಿ ಮಾಡಿ" ಎಂದರು ಮಾವ. ದನಿ ಗಟ್ಟಿಯಾಗಿಯೇ ಇತ್ತು. ಈ ಸಲ ಅವರು ಮೊದಲು ಮುಷ್ಟಿಯಿಂದ ಗುದ್ದಿದರು, ಎರ್ವಿನ್ ಆಮೇಲೆ ಒತ್ತಿದರು.

"ಯು-ಒಂದು! ಯು-ಒಂದು!"

ಈಗ ಅಂಗಳಕ್ಕೆ ಹುಚ್ಚು ಹಿಡಿಯಿತು. ಎಲ್ಲರಿಗೂ ತಾವೇ ಒತ್ತಿ ನೋಡಬೇಕು. ಮಾಡಿನ ಮನೆಯ ವಿಧವೆ, ಪಕ್ಕದ ಬೀದಿಯ ಬೇಕರಿಯವನು, ಕೊನೆಗೆ ಅತ್ತೆಯೂ ಸೌಟು ಹಿಡಿದು ಒತ್ತಿದರು. ಪ್ರತಿ ಸಲವೂ ಹಿಂದೆ ಬಂದವನು ಮುಂದಿನವನನ್ನು ನುಂಗಿದ. ಜನ ನಕ್ಕರು, ಕೂಗಿದರು. ನಗದೆ ನಿಂತವರು ಮಾವ ಮತ್ತು ಎರ್ವಿನ್ ಇಬ್ಬರೇ. ಅವರಿಗೆ ಲೆಕ್ಕ ಅರ್ಥವಾಗಿತ್ತು.

ನಾನು ಸಾಲನ್ನು ತಿದ್ದಿದೆ. ಕೆಲಸ ಚಿಕ್ಕದು. ಮೊದಲ ಹೆಸರು ಕೇಳಿದ ಕೂಡಲೇ ಸ್ಲೇಟಿನಿಂದ ನಮ್ಮದೇ ಚೀಟಿಗೆ ಇಳಿಸಿಕೊಳ್ಳುವುದು, ಆಮೇಲೆ ಎರಡನೆಯದನ್ನು ಕೇಳುವುದು. ಎಲ್ಲ ಪುಸ್ತಕವೂ ಇದನ್ನು ಹೇಳುತ್ತದೆ, ಎಲ್ಲರೂ ಓದಿರುತ್ತೇವೆ, ಎಲ್ಲರೂ ಒಂದು ಸಲ ಬೀಳುತ್ತೇವೆ. ಅವಸರದಲ್ಲಿ ಎರಡು ಸಲ ತಪ್ಪು ಬರೆದೆ. ಹಕ್ಕಿಗಳು ಇಳಿದಾಗ ಬಂದಿದ್ದ ಆ ಎರಡು ಸಂಖ್ಯೆಗಳನ್ನು ಹೊಸ ಪ್ರೋಗ್ರಾಮಿಗೆ ಕೊಟ್ಟೆ. ಈ ಸಲ ಕಾಂಜಾ ಕೂಗಲಿಲ್ಲ, ಮೆಲ್ಲಗೆ ಓದಿದರು.

"ಮೊದಲು ಯು-ಒಂದು. ಆಮೇಲೆ ಯು-ಸೊನ್ನೆ."

ಎರ್ವಿನ್ ಅವರ ಶ್ತಿಗಾರ್ ಗೆದ್ದಿತ್ತು.

ಮಾವ ನನ್ನನ್ನೇ ನೋಡಿದರು. "ಸಂಖ್ಯೆ ಸುಳ್ಳು ಹೇಳಲ್ವಾ?"

"ಇಲ್ಲ ಮಾವ. ಸಂಖ್ಯೆ ಸರಿಯಾಗೇ ಇತ್ತು. ನಾನ್ ಹೆಸರು ಕೇಳಿದ ರೀತಿ ತಪ್ಪು."

ಅವರು ತಲೆಯಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಅಳು ಬರುತ್ತಿರಲಿಲ್ಲ. ಎರ್ವಿನ್ ನೆಲಕ್ಕಿಟ್ಟಿದ್ದ ಹಾರೆಯನ್ನು ಮಾವ ಎತ್ತಿಕೊಂಡು ತಮ್ಮ ಗೂಡಿನತ್ತ ನಡೆದರು. ಅತ್ತೆ "ರೀ, ಊಟ ಆದ್ರೂ ಮಾಡ್ಕೊಂಡು..." ಎಂದವರು ಅಲ್ಲೇ ನಿಲ್ಲಿಸಿದರು. ಒಳಗಿನಿಂದ ಬಾರ್ಬಾರ್ಕಾ ಗುಟುರು ಹಾಕುತ್ತಿತ್ತು. ಮಾವ ಬಾಗಿಲ ಹಲಗೆಯ ಸಂದಿಗೆ ಹಾರೆ ತೂರಿಸಿ, ಮೈಯ ಭಾರವೆಲ್ಲ ಹಾಕಲು ಬಾಗಿದರು.

"ರುಫಿನ್, ಆ ಹಲಗೇನ ಹುಷಾರಾಗ್ ಬಿಚ್ಚೋ. ಸೀಳ್ಬೇಡ."

ಹೇಳಿದವರು ಎರ್ವಿನ್. ಬೇಲಿಗಲ್ಲ, ಆಕಾಶಕ್ಕಲ್ಲ, ಮಾವನಿಗೇ. ಅತ್ತೆಯ ಕೈಯಿಂದ ಸೌಟು ಬಿತ್ತು.

ಮಾವ ತಿರುಗಲಿಲ್ಲ. "ಸೌದೆಗ್ ಹೋಗೋ ಹಲಗೆ. ಸೀಳಿದ್ರೇನು?"

"ಸೌದೆಗಲ್ಲ. ಅದನ್ನ ನನ್ ಗೋಡೆಗ್ ಹೊಡೀಬೇಕು. ಒಂದು ಗೂಡು ಇರ್ಲಿ ಅಂದ್ರು ಆಡಳಿತದೋರು. ಬಾಗಿಲು ಎಷ್ಟು, ಹಲಗೆ ಎಷ್ಟು ಅಂತ ಹೇಳಿಲ್ಲ."

"ನಿನ್ ಭಿಕ್ಷೆ ನನಗ್ ಬೇಡ."

"ಭಿಕ್ಷೆ ಯಾವನ್ ಕೊಡ್ತಿದಾನೋ ನಿಂಗೆ!" ಎರ್ವಿನ್ ಎರಡೂ ಕೈಗಳನ್ನು ಮುಂದೆ ಚಾಚಿದರು. ಅವು ಗಾಳಿಗೆ ಸಿಕ್ಕ ಎಲೆ. "ನೋಡು. ಈ ವರ್ಷ ಮರಿಗಳ ಕಾಲಿಗ್ ಉಂಗುರ ಹಾಕಕ್ ಆಗ್ಲಿಲ್ಲ ನನಗೆ. ಮುಂದಿನ್ ವರ್ಷ ನೀರಿನ ಬೋಗುಣೀನೂ ಎತ್ತಕ್ಕಾಗಲ್ಲ. ಗೂಡು ಗೆದ್ದು ಏನ್ ಮಾಡ್ಲಿ? ಅದೂ ಅಲ್ದೆ, ನೀನ್ ಇಲ್ದಿದ್ರೆ ದಿನಾ ಬೆಳಿಗ್ಗೆ ಯಾರನ್ನ ಬೈಲಿ? ಬೇಲೀನಾ?"

"ಇಷ್ಟು ವರ್ಷ ಬೇಲಿಗೇ ತಾನೇ ಬೈತಿದ್ದೆ" ಎಂದರು ಮಾವ. ಹಾರೆಯನ್ನು ಮಾತ್ರ ಸಂದಿಯಿಂದ ಹೊರಗೆ ತೆಗೆದರು. ಆಮೇಲೆ ಜೇಬಿನಿಂದ ತಿರುಪುಳಿ ತೆಗೆದು, ನನ್ನ ತಂತಿಗೆ ಪೆಟ್ಟಾಗದಂತೆ ಹಲಗೆಯನ್ನು ಒಂದೊಂದೇ ತಿರುಪು ಬಿಚ್ಚಿ ಇಳಿಸಿದರು.

ಆ ವಾರವೆಲ್ಲ ಅಂಗಳದಲ್ಲಿ ಸುತ್ತಿಗೆಯ ಸದ್ದು, ಜೊತೆಗೆ ಬೈಗುಳದ ಸದ್ದು. ಮಾವನ ಗೂಡು ಹೋಯಿತು, ಆ ಜಾಗದಲ್ಲಿ ಜಲ್ಲಿ ಹರಡಿದರು. ಎರ್ವಿನ್ ಅವರ ಗೂಡಿಗೆ ಎಡಗಡೆ ಇನ್ನೊಂದು ಬಾಗಿಲು ಬಂತು, ಅದರ ಮುಂದೆ ಸೊನ್ನೆಯ ಹಲಗೆ. ತಂತಿಯನ್ನು ಕಂಪ್ಯೂಟರಿನಲ್ಲಿ ಮೊದಲಿದ್ದ ತೂತಿಗೇ ಚುಚ್ಚಿದೆ, ಹೆಸರು ಬದಲಾಗಲಿಲ್ಲ. ಇನ್ನು ಪಂದ್ಯವಿಲ್ಲವೆಂದು, ಹಲಗೆ ಒತ್ತಿದ ಕೂಡಲೇ ಹೆಸರು ತೋರಿಸುವಂತೆ ಪ್ರೋಗ್ರಾಮು ತಿದ್ದಿದೆ.

ಮುಂದಿನ ಭಾನುವಾರ ಬಾರ್ಬಾರ್ಕಾಳನ್ನು ಲಾರಿಯಲ್ಲಿ ಕಳಿಸುವಾಗ ಮಾವ ಅವಳ ತಲೆ ಸವರಿ ಸವರಿ ಕೊಟ್ಟರು. ಬರುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬಂದು ನೋಡಿದರೆ ಮನೆ ಇಲ್ಲ. ಇಳಿಯುತ್ತಾಳಾ, ಅಥವಾ ನಮ್ಮನ್ನೆಲ್ಲ ಬಿಟ್ಟು ಯಾವುದೋ ಚರ್ಚಿನ ಗೋಪುರ ಸೇರುತ್ತಾಳಾ?

ಬಂದಳು. ಗೋಪುರದ ಚಕ್ರ ದಾಟಿ, ಚಿಮಣಿ ದಾಟಿ, ನೇರ ಜಲ್ಲಿಯ ಮೇಲಕ್ಕೆ. ಅಲ್ಲೇ ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ನಿಂತಳು, ಮನೆ ಎಲ್ಲಿ ಎಂದು ಕೇಳುವಂತೆ. ಒಂದು ಸುತ್ತು, ಮತ್ತೊಂದು ಸುತ್ತು. ಕೆಳಗೆ ಇಬ್ಬರು ಮುದುಕರು ಪಕ್ಕ ಪಕ್ಕದಲ್ಲಿ ಡಬ್ಬ ಹಿಡಿದು ನಿಂತಿದ್ದರು. ಭಯಕ್ಕೆ ಮಾವನ ಕೈಯೂ ನಡುಗುತ್ತಿತ್ತು. ಎರಡು ಡಬ್ಬವೂ ಒಂದೇ ಥರ ಗಲಗಲಿಸುತ್ತಿದ್ದವು, ಯಾವುದು ಯಾರದೆಂದು ನನಗೇ ಗೊತ್ತಾಗಲಿಲ್ಲ.

ಬಾರ್ಬಾರ್ಕಾ ರೆಕ್ಕೆ ಮಡಚಿದಳು.

ಬೀಪ್.

ನಾನು ಪರದೆ ನೋಡಿ ಗಂಟಲು ಹರಿಯುವಂತೆ ಕೂಗಿದೆ, "ಯು-ಸೊನ್ನೆ! ಒಂದೇ ಸೊನ್ನೆ!" ಮಾವ ಅಳುತ್ತಿದ್ದರು, ಮುಚ್ಚಿಡುವ ಗೊಡವೆಗೂ ಹೋಗದೆ. ಎರ್ವಿನ್ ಮಾವನ ಬೆನ್ನಿಗೊಂದು ಗುದ್ದು ಕೊಟ್ಟರು.

"ಅಳ್ಬೇಡ್ವೋ ಮುದಿಯ. ಆವತ್ತು ನನ್ ಹೆಣ್ಣು ನಿನ್ ಗೂಡಿಗ್ ಬಂದ್ಲು. ಇವತ್ತು ನಿನ್ ಹೆಣ್ಣು ನನ್ ಗೂಡಿಗ್ ಬಂದ್ಲು. ಲೆಕ್ಕ ಚುಕ್ತಾ. ನಡಿ, ತ್ರೂದಾ ಊಟಕ್ ಕರೀತಿದಾಳೆ."